ಜೇಬಿಗೂ ಚಾರಣಕ್ಕೂ ಒಂದೇ ಮಡಚುವ ಚಾಕು: ಯಾವುದು ತಗೊಳ್ಳಲಿ?

ದಿನಾ ಜೇಬಲ್ಲಿರಬೇಕು, ಮಳೆಗಾಲದಲ್ಲಿ ಘಟ್ಟದ ಚಾರಣಕ್ಕೂ ಆಗಬೇಕು. ಕೆಲಸ: ಹಗ್ಗ, ಹಣ್ಣು, ಪಾರ್ಸೆಲ್ ಡಬ್ಬ, ಬೇಕಾದರೆ ಸೌದೆ. ಸ್ಟೀಲು, ಲಾಕು ಒಂದೂ ತಲೆಗೆ ಹೋಗುತ್ತಿಲ್ಲ. ಬಳಸಿ ಗೊತ್ತಿರುವವರು ಹೇಳಿ.

— ಸೌದೆಯನ್ನು ಪಟ್ಟಿಯಿಂದ ತೆಗೀರಿ ಸರ್. ಮಡಚುವ ಚಾಕುವಿನಲ್ಲಿ ಏಟೆಲ್ಲ ಬೀಳುವುದು ಅಲಗು, ಹಿಡಿ ಕೂಡುವ ಒಂದು ಪಿನ್ನಿನ ಮೇಲೆ. ಅಲಗಿನ ಬೆನ್ನಿಗೆ ಕೊರಡಿನಿಂದ ಬಡಿದರೆ ಮೊದಲು ಪಿನ್ನು ಸಡಿಲ, ಆಮೇಲೆ ಲಾಕ್ ಜಾರಿ ಅಲಗು ಬೆರಳ ಮೇಲೆ ಮಡಚಿಕೊಳ್ಳುತ್ತೆ. ಸೌದೆಗೆ ಮಲೆನಾಡಿನ ಕತ್ತಿ ಇದೆಯಲ್ಲ. ಕಾಯ್ದಿಟ್ಟ ಅರಣ್ಯದಲ್ಲಾದರೆ ಕಡಿಯುವುದೇ ಅಪರಾಧ. ಉಳಿದ ಕೆಲಸಕ್ಕೆ 7ರಿಂದ 8.5 ಸೆಂ.ಮೀ. ಅಲಗು, ಬೆನ್ನಿನ ದಪ್ಪ 2 ಮಿ.ಮೀ. ಆಸುಪಾಸು ಸಾಕು. 3.5 ಮಿ.ಮೀ. ಇದ್ದರೆ ಸೇಬು ಹೋಳಾಗಲ್ಲ, ಒಡೆಯುತ್ತೆ.

— ಲೈನರ್ ಲಾಕ್ (ಹಿಡಿಯೊಳಗಿನ ಲೋಹದ ಪಟ್ಟಿ ಅಲಗಿನ ಬುಡಕ್ಕೆ ಅಡ್ಡ ನಿಂತು ಮಡಚದಂತೆ ತಡೆಯುವ ಲಾಕು) ನೋಡುವ ಬಗೆ: ಅಲಗು ಪೂರ್ತಿ ಬಿಚ್ಚಿ ಒಳಗಿನ ಪಟ್ಟಿ ಎಲ್ಲಿ ಕೂತಿದೆ ನೋಡಿ. ಅಲಗಿನ ಬುಡದ ಅಂಚಿಗೆ ಸುಮ್ಮನೆ ತಾಗಿದ್ದರೆ ಜಾರುತ್ತೆ. ಆಚೆ ಬದಿಗೇ ಹೋಗಿದ್ದರೆ ಸವೆದಿದೆ. ಬುಡದ ಮೂರನೇ ಒಂದರಿಂದ ಅರ್ಧ ಭಾಗ ಹಿಡಿದಿರಬೇಕು. ಪಕ್ಕಕ್ಕೆ ಅಲುಗಾಡಿದರೆ ಪಿನ್ನಿನ ಟಾರ್ಕ್ಸ್ ಸ್ಕ್ರೂ (ತಲೆಯಲ್ಲಿ ನಕ್ಷತ್ರದಾಕಾರದ ಕುಳಿ ಇರುವುದು, ಅಳತೆ ಹೆಚ್ಚಾಗಿ ಟಿ6 ಅಥವಾ ಟಿ8) ಎಂಟನೇ ಒಂದು ಸುತ್ತು ಬಿಗಿ ಮಾಡಿ. ಇನ್ನೂ ಬಿಗಿದರೆ ತೆರೆಯುವುದೇ ಕಷ್ಟ.

— ಕಡಿಮೆ ಖರ್ಚಿಗೆ ಫ್ರಾನ್ಸಿನ ಒಪಿನೆಲ್ ನಂ. 8. ಅಲಗು 8.5 ಸೆಂ.ಮೀ., ತೆಳು, 1955ರಲ್ಲಿ ಬಂದ ತಿರುಗಿಸುವ ಉಂಗುರವೇ ಲಾಕು. ಕಾರ್ಬನ್ ಸ್ಟೀಲಿನದೇ ತಗೊಳ್ಳಿ, ಬೇಗ ಹರಿತವಾಗುತ್ತೆ.

— ಕಾರ್ಬನ್ ಮಾತು ಒಪ್ಪಲ್ಲ. ಘಟ್ಟದ ಮಳೆಯಲ್ಲಿ ರಾತ್ರಿ ಒದ್ದೆ ಬಿಟ್ಟರೆ ಬೆಳಿಗ್ಗೆ ಕಿತ್ತಳೆ ಚುಕ್ಕೆ. 12ಸಿ27 ಎಂಬ ಸ್ಟೇನ್‌ಲೆಸ್ ಸ್ಟೀಲಿನ ಅಲಗಿರುವ ಒಪಿನೆಲ್ಲೇ ಸಿಗುತ್ತೆ. ಡಿ2 ಎಂಬ ಸ್ಟೀಲು ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಅದಕ್ಕೂ ಮಳೆ ಆಗಿಬರಲ್ಲ. ಇನ್ನೊಂದು, ಒಪಿನೆಲ್ ಹಿಡಿ ಮರದ್ದು, ನೆನೆದರೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತೆ. ಉಗುರಿನಲ್ಲಿ ಎಳೆಯಬೇಡಿ. ಉಂಗುರ ತೆರೆದಿಟ್ಟು ಹಿಡಿಯ ತುದಿಯನ್ನು ಮರಕ್ಕೆ ಕುಟ್ಟಿ, ಅಲಗು ತಾನೇ ಇಣುಕುತ್ತೆ.

ಕಾರ್ಬನ್ ಅಲಗು ನಿಂಬೆ, ಮಾವಿನಕಾಯಿ ಹೆಚ್ಚಿದರೆ ಕಪ್ಪಾಗುತ್ತಂತೆ. ಅದೂ ತುಕ್ಕೇನಾ? ಸಾಣೆ ಹೇಗೆ?

— ಕಪ್ಪು, ನೀಲಿ ತುಕ್ಕಲ್ಲ. ಇರಲಿ ಬಿಡಿ, ಆ ಪದರ ಸ್ವಲ್ಪ ಕಾಪಾಡುತ್ತೆ. ಕೆಂಪು ಬಂದರೆ ಮಾತ್ರ ಉಜ್ಜಿ. ಸಾಣೆಗೆ 1000 ಗ್ರಿಟ್‌ನ (ಕಲ್ಲಿನ ನುಣುಪಿನ ಅಂಕಿ) ಕಲ್ಲು, ಒಂದೊಂದು ಬದಿಗೆ 20 ಡಿಗ್ರಿ: ಅಲಗು 2 ಸೆಂ.ಮೀ. ಅಗಲವಿದ್ದರೆ ಬೆನ್ನು ಕಲ್ಲಿನಿಂದ ಸುಮಾರು 7 ಮಿ.ಮೀ. ಮೇಲಿರಬೇಕು. ಆಚೆ ಬದಿಯಲ್ಲಿ ಉದ್ದಕ್ಕೂ ಸಣ್ಣ ತರಿ (ಬಾಯಿಯಂಚಿನಿಂದ ಮಡಚಿ ನಿಂತ ತೆಳು ಲೋಹ) ಬೆರಳಿಗೆ ತಾಗುವವರೆಗೆ ಒಂದೇ ಬದಿ ಉಜ್ಜಿ, ಆಮೇಲೆ ಮಗುಚಿ. ತರಿ ಏಳುವ ಮೊದಲೇ ಬದಿ ಬದಲಿಸಿದರೆ ಎಷ್ಟು ಉಜ್ಜಿದರೂ ಮೊಂಡೇ.

— ಹಲಸಿನ ಮೇಣ ಮರೆತಿರಿ! ಹೆಚ್ಚುವ ಮೊದಲು ಅಲಗಿಗೆ ಕೊಬ್ಬರಿ ಎಣ್ಣೆ ಸವರಿ. ಸಂದಿಗೆ ಹೋದ ಮೇಣವನ್ನೂ ಅದೇ ಎಣ್ಣೆಯಲ್ಲಿ ಬಿಡಿಸಿ, ಬಿಸಿನೀರು, ಸೋಪು, ಹಳೇ ಬ್ರಷ್ಷಿನಲ್ಲಿ ತೊಳೆದು, ತೆರೆದೇ ಒಣಗಿಸಿ. (ಮರದ ಹಿಡಿಯಾದರೆ ನೆನೆಹಾಕಬೇಡಿ.) ಪಿನ್ನಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಹೆಚ್ಚಾದರೆ ಜೇಬಿನ ಧೂಳೆಲ್ಲ ಅಲ್ಲೇ.

— ಕಾನೂನಿನದೂ ಸೇರಿಸುತ್ತೇನೆ. 2016ರ ಆಯುಧ ನಿಯಮಗಳ ಪಟ್ಟಿಗೆ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆ, ಕೃಷಿ ಕೆಲಸಕ್ಕೆ ಮಾಡಿದ್ದಕ್ಕೆ ವಿನಾಯಿತಿ. ನಿಮ್ಮದು ಅದರ ಹತ್ತಿರಕ್ಕೂ ಬರಲ್ಲ. ಆದರೂ ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಚೆಕ್‌-ಇನ್ ಬ್ಯಾಗಿಗೇ ಹಾಕಿ.