ಓಟರ್ ಲಿಸ್ಟಿಗೆ ಫಾರಂ ಕೊಟ್ಟರೆ ತೆಗೆದುಕೊಳ್ಳುತ್ತಿಲ್ಲ, ಕೋರ್ಟು ಮಾಡಿಸಬಹುದಾ?

ಪ್ರಶ್ನೆ (ಲೈನ್ ಮನೆಯಿಂದ):
ನಮಸ್ಕಾರ ಮೇಡಂ. ನಾವು ಕೊಡಗಿನ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ (ಕೆಲಸಗಾರರ ಸಾಲುಮನೆ) ಇದ್ದೇವೆ. ಅಪ್ಪ ಅಮ್ಮ ಎಚ್.ಡಿ. ಕೋಟೆ ಕಡೆಯಿಂದ ಬಂದು ಆರು ವರ್ಷ ಆಯಿತು. ನನಗೆ ಈಗ 19. ಓಟರ್ ಲಿಸ್ಟಿಗೆ ಸೇರಲು ಎರಡು ಸಲ ಫಾರಂ 6 ತುಂಬಿಸಿಕೊಂಡು ಹೋದೆ. ಕರೆಂಟ್ ಬಿಲ್ ಇಲ್ಲ, ಮನೆ ನಿಮ್ಮ ಹೆಸರಲ್ಲಿಲ್ಲ, ಆಗಲ್ಲ ಅಂದರು. ಫಾರಂ ಮುಟ್ಟಲೂ ಇಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಲೆಟರ್ ಕೇಳಿದರೆ ಸಾಹುಕಾರರನ್ನು ಕೇಳಿ ಅಂತಾರೆ. ಸಾಹುಕಾರರು ಇರುವುದು ಬೆಂಗಳೂರಿನಲ್ಲಿ. ಕೋರ್ಟಿಗೆ ಹೋದರೆ ಅಧಿಕಾರಿಗಳಿಂದ ಈ ಕೆಲಸ ಮಾಡಿಸಬಹುದಾ?

ಉತ್ತರ (ವಕೀಲರು, ಮಡಿಕೇರಿ):
ಮಾಡಿಸಬಹುದು ತಮ್ಮಾ. ಆದರೆ ಅದಕ್ಕೆ ಮೊದಲು ನಿಮ್ಮ ಕೈಯಲ್ಲಿ ಒಂದು ಕಾಗದ ಇರಬೇಕು, ಅದನ್ನು ಆಮೇಲೆ ಹೇಳುತ್ತೇನೆ. ನಿಮಗೆ ಹೇಳಿದ ಕಾರಣವೇ ತಪ್ಪು, ಅದು ಮೊದಲು ಗೊತ್ತಿರಲಿ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಕೇಳುವುದು ನೀವು ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸ ಇದ್ದೀರಾ ಅಂತ. ಮನೆ ಯಾರ ಹೆಸರಲ್ಲಿದೆ ಅಂತಲ್ಲ. ಅದರ 20ನೇ ಸೆಕ್ಷನ್ ಇನ್ನೂ ಸ್ಪಷ್ಟ: ಒಂದು ಕಡೆ ಮನೆ ಇದೆ ಅನ್ನುವ ಕಾರಣಕ್ಕೇ ಒಬ್ಬರು ಅಲ್ಲಿನ ವಾಸಿ ಆಗುವುದಿಲ್ಲ. ಅಂದರೆ ತೋಟ ತಮ್ಮದು ಅನ್ನುವುದೊಂದರಿಂದಲೇ ಸಾಹುಕಾರರು ಇಲ್ಲಿನ ಮತದಾರರಾಗುವುದಿಲ್ಲ. ದಿನಾ ಅಲ್ಲೇ ಒಲೆ ಹಚ್ಚುವ ನೀವು ಆಗುತ್ತೀರಿ. ವಿಳಾಸಕ್ಕೆ ದಾಖಲೆ ಇಲ್ಲದಿದ್ದರೆ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಸ್ಥಳಕ್ಕೆ ಬಂದು ನೋಡಿ ವರದಿ ಕೊಡಬೇಕು. ರೈಟರ್ ಲೆಟರ್ ಇಲ್ಲ ಅಂತ ಫಾರಂ ವಾಪಸ್ ಕಳಿಸುವ ಹಾಗಿಲ್ಲ.

ಈಗ ಕೋರ್ಟಿನ ವಿಷಯ. ಸಂವಿಧಾನದ 226ನೇ ವಿಧಿಯಲ್ಲಿ ಹೈಕೋರ್ಟಿಗೆ ರಿಟ್ (ಅಧಿಕಾರಿಗಳಿಗೆ ಕೊಡುವ ವಿಶೇಷ ಆದೇಶ) ಹೊರಡಿಸುವ ಅಧಿಕಾರ ಇದೆ. ಅದರಲ್ಲಿ ಒಂದು ಮ್ಯಾಂಡಮಸ್. ಕಾನೂನು ಒಬ್ಬ ಅಧಿಕಾರಿಗೆ ಇಂಥ ಕೆಲಸ ಮಾಡಲೇಬೇಕು ಅಂತ ಹೇಳಿದ್ದು, ಅವರು ಮಾಡದೆ ಕೂತರೆ, ಮಾಡಿ ಅಂತ ಕೋರ್ಟು ಆದೇಶ ಕೊಡುತ್ತದೆ. ನಮ್ಮ ಜಿಲ್ಲೆಯ ಅರ್ಜಿಗಳು ಬೆಂಗಳೂರಿನ ಪೀಠಕ್ಕೆ ಹೋಗುತ್ತವೆ.

ಆದರೆ ಅಲ್ಲಿ ಮೊದಲು ಕೇಳುವುದು, "ನೀವು ಬರೆದು ಕೇಳಿದ್ದೀರಾ? ಅವರು ಇಲ್ಲ ಅಂದಿದ್ದಾರಾ?" ಅಂತ. ಹಿಂದೊಮ್ಮೆ ನನ್ನ ಹತ್ತಿರ ಒಬ್ಬ ಅಮ್ಮ ಬಂದಿದ್ದರು. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮೂರು ಫಾರಂ ಜೋಪಾನವಾಗಿ ಇಟ್ಟುಕೊಂಡಿದ್ದರು. ಮಡಚಿ ಮಡಚಿ ಗೆರೆ ಬಿದ್ದಲ್ಲಿ ಹರಿದಿತ್ತು. ಮೂರು ವರ್ಷದ ಓಡಾಟ ಅದರಲ್ಲಿತ್ತು, ಒಂದರಲ್ಲೂ ಕಚೇರಿ ಸೀಲ್ ಇರಲಿಲ್ಲ. ಅವರು ಹೋಗಿದ್ದು ನಿಜ ಅಂತ ನನಗೆ ಗೊತ್ತು. ಕೋರ್ಟಿಗೆ ತೋರಿಸುವುದು ಹೇಗೆ? ಅವತ್ತಿನಿಂದ ನಾನು ಎಲ್ಲರಿಗೂ ಇದನ್ನೇ ಹೇಳುತ್ತಿದ್ದೇನೆ.

ಹಾಗಾಗಿ ಮತ್ತೆ ಬಾಯಿಮಾತಿನಲ್ಲಿ ಕೇಳಲು ಹೋಗಬೇಡಿ. ಫಾರಂ 6ರ ಜೊತೆ ಒಂದು ಪುಟದ ಅರ್ಜಿ ಬರೆಯಿರಿ, ಮತದಾರರ ನೋಂದಣಿ ಅಧಿಕಾರಿಗೆ. ಎಷ್ಟು ವರ್ಷದಿಂದ ಎಲ್ಲಿದ್ದೀರಿ, ಯಾವ ಯಾವ ದಿನ ಬಂದಿದ್ದಿರಿ, ಏನು ಅಂದರು, ಅಷ್ಟು ಸಾಕು. ಎರಡು ಪ್ರತಿ ಮಾಡಿ. ಟಪಾಲು ವಿಭಾಗದಲ್ಲಿ ಒಂದು ಕೊಟ್ಟು, ಇನ್ನೊಂದಕ್ಕೆ ತಾರೀಖಿರುವ ಸೀಲ್ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲಿಲ್ಲವೋ, ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆನ್‌ಲೈನಿನಲ್ಲಿ ಹಾಕಿದರೂ ಒಂದು ನಂಬರ್ ಬರುತ್ತದೆ, ಅದೂ ಸಾಕ್ಷಿಯೇ.

ಪ್ರಶ್ನೆ (ಅವರೇ):
ಹಾಗಾದರೆ ಕೋರ್ಟು ನನ್ನ ಹೆಸರು ಸೇರಿಸಿ ಅಂತ ಹೇಳುತ್ತದಾ? ಬಿಎಲ್‌ಒ ಅಕ್ಕನಿಗೆ ಶಿಕ್ಷೆ ಆಗುತ್ತಾ? ಅವರು ಪಾಪ ಅಂಗನವಾಡಿ ಟೀಚರ್.

ಉತ್ತರ:
ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಇಷ್ಟು ದಿನದೊಳಗೆ ಅರ್ಜಿ ಪರಿಶೀಲಿಸಿ ತೀರ್ಮಾನ ಕೊಡಿ ಅಂತ ಹೇಳುತ್ತದೆ. ತೀರ್ಮಾನ ಅಧಿಕಾರಿಯದೇ. ಅವರು ತಿರಸ್ಕರಿಸಿದರೆ ಅದೇ 1950ರ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮೊದಲ ಅಪೀಲು ಜಿಲ್ಲಾಧಿಕಾರಿಗೆ, ಎರಡನೆಯದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಎಷ್ಟೋ ಕೇಸು ಅಲ್ಲೇ ಸರಿಹೋಗುತ್ತದೆ, ಹೈಕೋರ್ಟಿನ ತನಕ ಹೋಗುವ ಅಗತ್ಯವೇ ಬರುವುದಿಲ್ಲ.

ಶಿಕ್ಷೆಯ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಪಟ್ಟಿ ಕೆಲಸದಲ್ಲಿ ಕರ್ತವ್ಯ ಲೋಪ ಮಾಡಿದರೆ 32ನೇ ಸೆಕ್ಷನ್ನಿನಲ್ಲಿ ಮೂರು ತಿಂಗಳಿಗೆ ಕಡಿಮೆ ಇಲ್ಲದ, ಎರಡು ವರ್ಷದವರೆಗಿನ ಜೈಲು ಇದೆ. ಅದಕ್ಕೆ ಚುನಾವಣಾ ಆಯೋಗ ಅಥವಾ ಮುಖ್ಯ ಚುನಾವಣಾಧಿಕಾರಿಯ ಅನುಮತಿಯಿಂದಲೇ ದೂರು ಹೋಗಬೇಕು. ನೀವು ನೇರವಾಗಿ ಹಾಕಲು ಬರುವುದಿಲ್ಲ, ಹಾಕುವ ಯೋಚನೆಯೂ ಬೇಡ. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ತೋಟದಿಂದ ತೋಟಕ್ಕೆ ನಡೆಯುವವರು ಆ ಅಕ್ಕಂದಿರೇ. ತೀರ್ಮಾನ ಕೊಡಬೇಕಾದವರು ಅವರ ಮೇಲಿನವರು. ಅರ್ಜಿ ಆ ಮೇಲಿನವರ ಹೆಸರಿಗೇ ಇರಲಿ.

ಇನ್ನೊಂದು ಮಾತು, ದಯವಿಟ್ಟು ತಡ ಮಾಡಬೇಡಿ. ಚುನಾವಣೆ ಘೋಷಣೆ ಆಗಿ ನಾಮಪತ್ರ ಸಲ್ಲಿಸುವ ಕೊನೆ ದಿನ ಕಳೆದರೆ, ಆ ಚುನಾವಣೆ ಮುಗಿಯುವವರೆಗೆ ಹೊಸ ಹೆಸರು ಸೇರಿಸುವ ಹಾಗಿಲ್ಲ. ಆಮೇಲೆ ಕೋರ್ಟೂ ಕೈ ಹಾಕುವುದು ತುಂಬಾ ಕಷ್ಟ, ಚುನಾವಣೆಯ ವಿಷಯದಲ್ಲಿ ಕೋರ್ಟಿಗೆ ತಡೆ ಹಾಕುವ ಸಂವಿಧಾನದ 329ನೇ ವಿಧಿ ಅಡ್ಡ ಬರುತ್ತದೆ. 1952ರ ಪೊನ್ನುಸ್ವಾಮಿ ಕೇಸಿನಿಂದಲೂ ಸುಪ್ರೀಂ ಕೋರ್ಟು ಅದನ್ನೇ ಹೇಳಿಕೊಂಡು ಬಂದಿದೆ.

ಪ್ರಶ್ನೆ (ಇನ್ನೊಬ್ಬರು):
ಮೇಡಂ, ಒಬ್ಬರ ಹೆಸರಿನ ಮಾತು ಸರಿ. ಚುನಾವಣೆಯನ್ನೇ ನಡೆಸದಿದ್ದರೆ? ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಓಟು ಹಾಕಿದ್ದೆವು. 2021ಕ್ಕೆ ಅವಧಿ ಮುಗಿಯಿತು, ಆಮೇಲೆ ಆಡಳಿತಾಧಿಕಾರಿ ಬಂದರು.

ಉತ್ತರ:
ಈ ನೋವು ನನಗೂ ಇದೆ. ರಸ್ತೆ ಜರಿದರೆ ಯಾರ ಮನೆ ಬಾಗಿಲು ತಟ್ಟುವುದು ಅಂತ ಗೊತ್ತಾಗದ ಸ್ಥಿತಿ ಅದು. ಸಂವಿಧಾನದ 243ಇ ವಿಧಿ ಪಂಚಾಯಿತಿಗಳಿಗೆ ಐದು ವರ್ಷದ ಮೇಲೆ ಒಂದು ದಿನವೂ ಜಾಸ್ತಿ ಕೊಡುವುದಿಲ್ಲ, ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅನ್ನುತ್ತದೆ. ಇಲ್ಲೂ ಮ್ಯಾಂಡಮಸ್ ಇದೆ. 2006ರ ಕಿಶನ್‌ಸಿಂಗ್ ತೋಮರ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಸರ್ಕಾರ ಸಹಕಾರ ಕೊಡದಿದ್ದರೆ ರಾಜ್ಯ ಚುನಾವಣಾ ಆಯೋಗವೇ ಹೈಕೋರ್ಟಿಗೆ ಹೋಗಿ ಆದೇಶ ತರಬಹುದು ಅಂದಿತು. 2022ರ ಸುರೇಶ್ ಮಹಾಜನ್ ಕೇಸಿನಲ್ಲಿ, ಕ್ಷೇತ್ರ ವಿಂಗಡಣೆ ಬಾಕಿ ಇದೆ ಅನ್ನುವುದು ನೆಪ ಆಗಬಾರದು, ಇರುವ ಕ್ಷೇತ್ರಗಳಲ್ಲೇ ನಡೆಸಿ ಅಂತ ಮಧ್ಯಪ್ರದೇಶದ ಆಯೋಗಕ್ಕೆ ಹೇಳಿ, ಚುನಾವಣಾ ಕಾರ್ಯಕ್ರಮ ಪ್ರಕಟಿಸಲು ಎರಡು ವಾರ ಕೊಟ್ಟಿತು. ಅದು ಬೇರೆ ರಾಜ್ಯಗಳಿಗೂ ಅನ್ವಯ ಅಂತ ಹೇಳಿತು. ಚುನಾವಣೆ ನಿಲ್ಲಿಸಲು ಕೋರ್ಟಿಗೆ ಹೋಗುವುದು ಬೇರೆ, ನಡೆಸಿ ಅಂತ ಹೋಗುವುದು ಬೇರೆ. ಎರಡನೆಯದಕ್ಕೆ ಬಾಗಿಲು ತೆರೆದೇ ಇದೆ.

ಪ್ರಶ್ನೆ (ಶಾಲಾ ಶಿಕ್ಷಕಿ):
ನನಗೆ ಚುನಾವಣಾ ಡ್ಯೂಟಿ ಬಂದಿದೆ, ಮಗು ಚಿಕ್ಕದು. ಆಗಲ್ಲ ಅನ್ನಬಹುದಾ?

ಉತ್ತರ:
ಸುಮ್ನೆ ಹೋಗದೆ ಇರಬೇಡಿ ಅಕ್ಕ, ತೊಂದರೆ ಆಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯೂ ಚುನಾವಣಾ ಕೆಲಸಕ್ಕೆ ಶಿಕ್ಷಕರನ್ನು ಬಳಸಲು ಬಿಡುತ್ತದೆ. ಮಗುವಿನ ಜನನ ಪ್ರಮಾಣಪತ್ರ ಇಟ್ಟು ಜಿಲ್ಲಾ ಚುನಾವಣಾಧಿಕಾರಿಗೆ ವಿನಾಯಿತಿ ಕೇಳಿ ಬರೆಯಿರಿ. ಸೀಲ್ ಮರೆಯಬೇಡಿ.

ಲೈನ್ ಮನೆಯ ಹುಡುಗ:
ಮೇಡಂ, ಇವತ್ತು ಕೊಟ್ಟು ಬಂದೆ. ಮೊದಲು ಬೇಡ ಅಂದರು, ಪೋಸ್ಟಿನಲ್ಲಿ ಕಳಿಸುತ್ತೇನೆ ಅಂದ ಮೇಲೆ ಸೀಲ್ ಹಾಕಿದರು. ಅಮ್ಮನದೂ ಕೊಟ್ಟೆ. ಹೈಕೋರ್ಟಿಗೆ ಹೋಗಬೇಕಾದರೆ ದುಡ್ಡು ಎಲ್ಲಿಂದ ತರುವುದು ಅಂತ ಅಪ್ಪ ಕೇಳುತ್ತಿದ್ದಾರೆ.

ಉತ್ತರ:
ತುಂಬಾ ಸಂತೋಷ ಆಯಿತು. ಅಮ್ಮನ ಕೇಸಿಗೆ ದುಡ್ಡು ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಮಡಿಕೇರಿ ಕೋರ್ಟಿನಲ್ಲಿರುವ ಜಿಲ್ಲಾ ಪ್ರಾಧಿಕಾರದಲ್ಲಿ ಕೇಳಿ, ಬೆಂಗಳೂರಿಗೆ ಅಲ್ಲಿಂದಲೇ ದಾರಿ ತೋರಿಸುತ್ತಾರೆ. ಸೀಲ್ ಇರುವ ಎರಡೂ ಪ್ರತಿಯ ಫೋಟೋ ತೆಗೆದು ನನಗೆ ಕಳಿಸಿ. ತಿಂಗಳಾದರೂ ಯಾರೂ ಬಂದು ನೋಡದಿದ್ದರೆ ಮುಂದಿನ ನೋಟಿಸ್ ನಾನು ಬರೆದುಕೊಡುತ್ತೇನೆ.