ಇಬ್ಬರ ಪಾಡ್‌ಕಾಸ್ಟ್‌ಗೆ ಯುಎಸ್‌ಬಿ ಮೈಕಾ, ಇಂಟರ್‌ಫೇಸಾ?

ಪ್ರಶ್ನೆ: ಒಂದೇ ಕೋಣೆ, ಎದುರುಬದುರು ಇಬ್ಬರು. ವಿಂಡೋಸ್ ಲ್ಯಾಪ್‌ಟಾಪ್, ರೆಕಾರ್ಡಿಂಗ್‌ಗೆ ಅಡಾಸಿಟಿ ಸಾಫ್ಟ್‌ವೇರ್. ಎರಡು ಯುಎಸ್‌ಬಿ ಮೈಕ್ ಸಾಕಾ, ಇಂಟರ್‌ಫೇಸೇ (ಮೈಕುಗಳನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ) ಬೇಕಾ?

ಉತ್ತರ 1: ಎರಡು ಯುಎಸ್‌ಬಿ ಮೈಕ್ ಬೇಡವೇ ಬೇಡ. ಅಡಾಸಿಟಿ ಒಂದು ಸಲಕ್ಕೆ ಒಂದೇ ಡಿವೈಸ್‌ನಿಂದ ರೆಕಾರ್ಡ್ ಮಾಡುತ್ತದೆ. ಹೇಗೋ ಎರಡನ್ನೂ ಸೇರಿಸಿದಿರಿ ಅನ್ನಿ, ಪ್ರತಿ ಮೈಕಿನೊಳಗಿನ ಕ್ಲಾಕ್ (ರೆಕಾರ್ಡಿಂಗ್ ವೇಗ ನಿಗದಿ ಮಾಡುವ ಗಡಿಯಾರ) ಬೇರೆ ಬೇರೆ. ಮಾತು ಉದ್ದವಾದಷ್ಟೂ ಟ್ರ್ಯಾಕ್‌ಗಳು ಒಂದಕ್ಕೊಂದು ಜಾರಿ, ದನಿ ಎರಡೆರಡು ಸಲ ಕೇಳಿದ ಹಾಗಾಗುತ್ತದೆ. ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಕೇಬಲ್) ಇನ್‌ಪುಟ್ ಇರುವ ಇಂಟರ್‌ಫೇಸ್ ತಗೊಳ್ಳಿ, ಕ್ಲಾಕ್ ಒಂದೇ. ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಟ್ರ್ಯಾಕ್ ಮೆನುವಿನಲ್ಲಿ 'ಸ್ಪ್ಲಿಟ್ ಸ್ಟೀರಿಯೋ ಟು ಮೋನೋ' ಒತ್ತಿದರೆ ಇಬ್ಬರ ದನಿಯೂ ಬೇರೆ ಬೇರೆ.

ಉತ್ತರ 2: ಸರಿ, ಆದರೆ ಇಂಟರ್‌ಫೇಸಿನ ಗೇನ್ (ಮೈಕಿನ ಸಿಗ್ನಲ್ ಎಷ್ಟು ಎತ್ತಬಲ್ಲದು ಅನ್ನೋದು) ನೋಡಿ ಕೊಳ್ಳಿ. ಶೂರ್ ಎಸ್‌ಎಂ7ಬಿ ಮೈಕಿಗೆ ಸುಮಾರು 60 ಡಿಬಿ (ಡೆಸಿಬೆಲ್) ಬೇಕು. ಸ್ಕಾರ್ಲೆಟ್ 2ಐ2 ಇಂಟರ್‌ಫೇಸ್, ಮೂರನೇ ತಲೆಮಾರಿನದು, 56ಕ್ಕೇ ನಿಲ್ಲುತ್ತದೆ. ದನಿ ಸಣ್ಣದಾಗುತ್ತದೆ, ಎತ್ತಲು ಹೋದರೆ ಹಿಂದೆ ಸುಯ್ಯೆನ್ನುವ ಸದ್ದೂ ಏಳುತ್ತದೆ. ಜೋರು ನಗು ಬಂದಾಗಲೂ ಅಡಾಸಿಟಿಯ ಮೀಟರ್ -6 ಡಿಬಿ ದಾಟದಿರಲಿ.

ಉತ್ತರ 3: ಬಜೆಟ್ ಬಿಗಿಯಿದ್ದರೆ ಸ್ಯಾಮ್ಸನ್ ಕ್ಯೂ2ಯು ಮೈಕ್. ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡೂ ಇದೆ. ಇವತ್ತು ಯುಎಸ್‌ಬಿ, ನಾಳೆ ಇಂಟರ್‌ಫೇಸ್ ಜತೆ ಎಕ್ಸ್‌ಎಲ್‌ಆರ್. ಡೈನಾಮಿಕ್ ಮೈಕ್, 48 ವೋಲ್ಟ್ ಫ್ಯಾಂಟಮ್ (ಇಂಟರ್‌ಫೇಸ್ ಮೈಕಿಗೆ ಕೊಡುವ ವಿದ್ಯುತ್) ಬೇಡ. ಬಾಯಿಗೂ ಮೈಕಿಗೂ ನಾಲ್ಕು ಬೆರಳು ಅಂತರ, ಸ್ವಲ್ಪ ಓರೆಯಾಗಿ. ಫ್ಯಾನ್ ಆರಿಸೋದು ಮರೀಬೇಡಿ!