ದೇವರಿದ್ದಾನೆ ಅಂದಮೇಲೆ ಇನ್ನೊಬ್ಬರ ಹೊಣೆ ನನಗೇಕೆ?

ಸಂದೇಹಿ:
ಫ್ರೆಂಚ್ ತತ್ವಜ್ಞಾನಿ ಲೆವಿನಾಸ್ ಬಗ್ಗೆ ಓದುತ್ತಿದ್ದೇನೆ, ತಲೆ ಕೆಟ್ಟಿದೆ. ಎದುರಿಗಿರುವ ಮನುಷ್ಯನ ಹೊಣೆ ನಾನು ಒಪ್ಪುವ ಮೊದಲೇ ನನ್ನ ಮೇಲೆ ಬಿದ್ದಿರುತ್ತದಂತೆ, ಅವನು ನನಗೆ ತಿರುಗಿ ಏನು ಮಾಡುತ್ತಾನೆ ಅನ್ನುವುದು ಲೆಕ್ಕಕ್ಕೇ ಇಲ್ಲವಂತೆ. ಸಹಿ ಹಾಕದ ಸಾಲವನ್ನು ನಾನೇಕೆ ತೀರಿಸಲಿ? ಮತ್ತೆ ದೇವರಿಗೆ ಇದರಲ್ಲಿ ಏನು ಕೆಲಸ? ಇದ್ದರೆ ಅವನೇ ನೋಡಿಕೊಳ್ಳಲಿ. ಇಲ್ಲದಿದ್ದರೆ ಈ ಹೊಣೆ ಹೊರಿಸಿದವರು ಯಾರು?

ಹಳೇ ಓದುಗ:
ಇದು ಬೈಬಲಿನ ಆದಿಕಾಂಡದಲ್ಲಿ ಕಾಯಿನ ಕೇಳಿದ್ದೇ (ಬೈಯುತ್ತಿಲ್ಲ!). ತಮ್ಮನನ್ನು ಕೊಂದ ಮೇಲೆ, ಅವನನ್ನು ಕಾಯುವುದು ನನ್ನ ಕೆಲಸವೇ ಅಂತ ದೇವರನ್ನೇ ಕೇಳಿದ.
ಲೆವಿನಾಸ್ 1906ರಲ್ಲಿ ಲಿಥುವೇನಿಯಾದ ಯಹೂದಿ ಮನೆಯಲ್ಲಿ ಹುಟ್ಟಿದವರು. ಫ್ರೆಂಚ್ ಸೈನಿಕನಾಗಿ ಸೆರೆ ಸಿಕ್ಕಿ 1945ರವರೆಗೆ ಜರ್ಮನಿಯ ಶಿಬಿರದಲ್ಲಿದ್ದರು, ಅಷ್ಟರಲ್ಲಿ ಊರಲ್ಲಿದ್ದ ತಂದೆ, ತಾಯಿ, ತಮ್ಮಂದಿರ ಕೊಲೆಯಾಗಿತ್ತು. ಅದಾದ ಮೇಲೂ ಅವರು 'ಎಲ್ಲ ದೈವೇಚ್ಛೆ' ಅನ್ನಲಿಲ್ಲ. ಬೇರೆಯವರ ನೋವಿಗೆ ಹಾಗೆ ಸಮಜಾಯಿಷಿ ಕೊಡುವುದೇ ಎಲ್ಲ ಅನೀತಿಯ ಮೂಲ ಎಂದರು. ಅವರ ದೇವರು ನಮ್ಮ ಪರವಾಗಿ ಕೆಲಸ ಮಾಡಿಕೊಡುವವನಲ್ಲ. ನೀವು ಅವನ ಕಡೆ ನೋಡಿದರೆ ಪಕ್ಕದವನನ್ನು ನೋಡು ಅಂತ ನಿಮ್ಮ ಮುಖ ತಿರುಗಿಸುತ್ತಾನೆ, ಅಷ್ಟೇ.

ನೇರಮಾತು:
ಕೇಳಲು ಚೆನ್ನಾಗಿದೆ. ಹೊಡೆಯುವ ಗಂಡನ ಹೊಣೆಯೂ ಹೆಂಡತಿಯದೇನಾ? ಸಹಿಸಿಕೋ, ಅವನನ್ನು ದೇವರಂತೆ ನೋಡಿಕೋ ಅಂತ ಧರ್ಮದ ಹೆಸರಲ್ಲಿ ಹೇಳಿದ್ದು ಸಾಕಾಗಿದೆ. ಮಿತಿ ಇಲ್ಲದ ಹೊಣೆ ಅಂದ ಕೂಡಲೇ ಅದು ಹೋಗಿ ಕೂರುವುದು ಮೊದಲೇ ಜಾಸ್ತಿ ಹೊತ್ತವರ ಹೆಗಲ ಮೇಲೆ.

ಹಳೇ ಓದುಗ:
ನಿಮ್ಮ ಸಿಟ್ಟು ಸರಿ. ಆದರೆ ಎರಡು ವಿಷಯ ಇದೆ. ಲೋಕದಲ್ಲಿ ನಾವಿಬ್ಬರೇ ಇಲ್ಲ, ಮೂರನೆಯವರೂ ಇದ್ದಾರೆ, ಹಾಗಾಗಿ ಯಾರಿಗೆ ಎಷ್ಟು ಅಂತ ಅಳೆಯಬೇಕು, ಕಾನೂನು, ಕೋರ್ಟು ಬೇಕು, ಆ ಅಳತೆಯಲ್ಲಿ ನಾನೂ ನ್ಯಾಯ ಸಿಗಬೇಕಾದ ಒಬ್ಬ ಆಗುತ್ತೇನೆ. ಲೆವಿನಾಸ್ ದೇವರ ಹೆಸರೆತ್ತುವ ಜಾಗಗಳಲ್ಲಿ ಇದೂ ಒಂದು. ಎರಡನೆಯದು, ಈ ಮಿತಿಯಿಲ್ಲದ ಹೊಣೆಯನ್ನು ನನ್ನ ಬಗ್ಗೆ ಮಾತ್ರ ನಾನು ಹೇಳಿಕೊಳ್ಳಬಹುದು. 'ನೀನು ಬೇರೆಯವರಿಗಾಗಿ ಬಲಿಯಾಗು' ಅಂತ ಇನ್ನೊಬ್ಬರಿಗೆ ಹೇಳಿದರೆ ಅದು ನರಬಲಿಯ ಬೋಧನೆ. 1974ರ ಪುಸ್ತಕದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಆ ಹೆಂಡತಿಗೆ ಸಹಿಸಿಕೋ ಅನ್ನುವ ಹಕ್ಕು ಯಾವ ಗುರುವಿಗೂ ಇಲ್ಲ.

ನೇರಮಾತು:
ಎರಡನೆಯದನ್ನು ಒಪ್ಪುತ್ತೇನೆ. ಮೊದಲನೆಯದು ಅಷ್ಟಕ್ಕಷ್ಟೇ. ಬಾಗಿಲು ಹಾಕಿದ ಮನೆಯೊಳಗೆ ಮೂರನೆಯವರು ಎಲ್ಲಿರುತ್ತಾರೆ?

ಸಂದೇಹಿ:
ಹಾಗಾದರೆ ಇದನ್ನು ಯಾರಿಗೂ ಬೋಧಿಸುವಂತೆಯೇ ಇಲ್ಲ, ಅಲ್ವಾ? ಮತ್ತೆ ಅಷ್ಟು ದಪ್ಪ ಪುಸ್ತಕಗಳನ್ನು ಬರೆದಿದ್ದು ಯಾರಿಗಾಗಿ?